ಆಲ್ಪ್ಸ್‌ನ ಪ್ರಶಾಂತ ಸೈಕಲ್ ಮಾರ್ಗಗಳು

ಆಲ್ಪ್ಸ್‌ನ ಪ್ರಶಾಂತ ಸೈಕಲ್ ಮಾರ್ಗಗಳು: ಯುರೋಪಿನ ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ಮೋಟಾರು ವಾಹನಗಳ ಓಡಾಟ ಇಲ್ಲದ ಅಥವಾ ತೀರ ವಿರಳವಾಗಿರುವ, ಸಾಮಾನು ಹೇರಿಕೊಂಡು ದಿನಗಟ್ಟಲೆ ಸಾಗುವ ಸೈಕಲ್ ಪ್ರವಾಸಿಗರಿಗೆ ಒದಗುವ ದಾರಿಗಳು. ಫ್ರಾನ್ಸ್, ಮೊನಾಕೊ, ಇಟಲಿ, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್, ಜರ್ಮನಿ, ಆಸ್ಟ್ರಿಯ, ಸ್ಲೊವೇನಿಯ ಎಂಬ ಎಂಟು ದೇಶಗಳಲ್ಲಿ ಸುಮಾರು 1,200 ಕಿ.ಮೀ. ಉದ್ದಕ್ಕೆ ಕಮಾನಿನಾಕಾರದಲ್ಲಿ ಹಬ್ಬಿರುವ ಈ ಪರ್ವತಗಳು ಹೊರಗಿನವರಿಗೆ ಹೆಚ್ಚಾಗಿ ಪರಿಚಿತವಾಗಿರುವುದು ಟೂರ್ ಡಿ ಫ್ರಾನ್ಸ್‌ನಂಥ ಸ್ಪರ್ಧೆಗಳಿಂದ. ಸ್ಪರ್ಧೆಯ ಗೊಡವೆಯಿಲ್ಲದೆ ಊರಿಂದೂರಿಗೆ ನಿಧಾನವಾಗಿ ತುಳಿಯುವವರ ಆಲ್ಪ್ಸ್ ಬೇರೆಯೇ ಆಗಿದೆ. ಉತ್ತರ ಯುರೋಪಿನ ಬಹಳಷ್ಟು ಸರಕು ಇಟಲಿಗೆ ಇಳಿಯುವುದು ಇದೇ ಪರ್ವತಗಳನ್ನು ದಾಟಿ. ಲಾರಿಗಳೂ ರಜೆಯ ಕಾರುಗಳೂ ಮೋಟಾರ್ ಸೈಕಲ್‌ಗಳೂ ಇಲ್ಲಿ ತುಂಬಿವೆ. ಹೀಗಿದ್ದೂ ಶಾಂತವಾದ ದಾರಿಗಳು ಉಳಿದುಕೊಂಡಿರುವುದಕ್ಕೆ ಮನುಷ್ಯರು ಕೈಗೊಂಡ ನಿರ್ಧಾರಗಳೇ ಕಾರಣ. ಎಲ್ಲೋ ಸುರಂಗ ಕೊರೆದರು, ಎಲ್ಲೋ ಹಳೆಯ ರೈಲು ಹಾದಿಯನ್ನು ಮಾರದೆ ಉಳಿಸಿಕೊಂಡರು, ಎಲ್ಲೋ ವಾರದಲ್ಲಿ ಕೆಲವು ದಿನ ಗೇಟು ಹಾಕಿದರು. ಈ ಮಾರ್ಗಗಳ ಚರಿತ್ರೆ ಎಂದರೆ ಆ ನಿರ್ಧಾರಗಳ ಚರಿತ್ರೆ.

ಭೂರಚನೆ ಮತ್ತು ಮಾರ್ಗಗಳ ಸ್ವರೂಪ

ಆಲ್ಪ್ಸ್‌ನ ದೊಡ್ಡ ನದಿಗಳಲ್ಲಿ ಹಲವು ತಮ್ಮ ಮೇಲ್ಭಾಗದಲ್ಲಿ ಶ್ರೇಣಿಗೆ ಸಮಾನಾಂತರವಾಗಿ ಹರಿಯುತ್ತವೆ. ರೋನ್, ರೈನ್, ಇನ್, ಡ್ರಾವಾ ನದಿಗಳ ಉದ್ದನೆಯ ಕಣಿವೆಗಳು ಇಂಥವು. ಹಿಮಯುಗದ ಹಿಮನದಿಗಳು ಈ ಕಣಿವೆಗಳನ್ನು ಕೊರೆದು ಅಗಲಗೊಳಿಸಿದವು. ಆಮೇಲೆ ನದಿಗಳು ತಂದ ಮೆಕ್ಕಲು ತುಂಬಿ ತಳ ಸಮತಟ್ಟಾಯಿತು. ಆದ್ದರಿಂದ ಎರಡೂ ಬದಿಗೆ 3,000 ಮೀ. ಎತ್ತರದ ಶಿಖರಗಳಿದ್ದರೂ ಹೊಳೆಯ ದಂಡೆಯಲ್ಲಿ ಹೆಚ್ಚು ಏರಿಳಿತವಿಲ್ಲದೆ ನೂರಾರು ಕಿಲೋಮೀಟರ್ ಸಾಗಬಹುದು. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮಾತ್ರ ಘಾಟಿ ಹತ್ತಬೇಕು. ಪ್ರವಾಸಿ ಮಾರ್ಗಗಳು ಈ ಕಾರಣದಿಂದ ಎರಡು ಬಗೆಯಾಗುತ್ತವೆ. ಹೊಳೆದಂಡೆಯ ಮಾರ್ಗಗಳಲ್ಲಿ ಮಕ್ಕಳೂ ಹಿರಿಯರೂ ತುಳಿಯಬಲ್ಲರು. ಘಾಟಿ ಮಾರ್ಗಗಳಲ್ಲಿ ಒಂದೇ ಏರು 15-25 ಕಿ.ಮೀ. ಇರುವುದು ಸಾಮಾನ್ಯ, ಶೇ 6-8ರ ಏರಿಕೆಯಲ್ಲಿ ಎರಡು ಮೂರು ಗಂಟೆ ಸತತವಾಗಿ ತುಳಿಯುವ ತ್ರಾಣ ಬೇಕು.

ಇತಿಹಾಸ

ಆಲ್ಪ್ಸ್‌ನ ಮೊದಲ ಪ್ರವಾಸಿ ಸಂಘಗಳನ್ನು ಕಟ್ಟಿದವರಲ್ಲಿ ಸೈಕಲ್ ಸವಾರರೇ ಮುಂದಿದ್ದರು. ಟೂರಿಂಗ್ ಕ್ಲಬ್ ಡಿ ಫ್ರಾನ್ಸ್ 1890ರಲ್ಲಿ, ಇಟಲಿಯ ಟೂರಿಂಗ್ ಕ್ಲಬ್ 1894ರಲ್ಲಿ ಮಿಲಾನ್‌ನಲ್ಲಿ, ಸ್ವಿಸ್ ಟೂರಿಂಗ್ ಕ್ಲಬ್ 1896ರಲ್ಲಿ ಜಿನೀವಾದಲ್ಲಿ ಹುಟ್ಟಿದವು. ರಸ್ತೆಗಳ ನಕ್ಷೆ, ಸೂಚನಾ ಫಲಕ, ತಂಗುದಾಣಗಳ ಪಟ್ಟಿ ಮೊದಲಾದುವನ್ನು ಇವು ಒದಗಿಸಿದವು. ಕಾಲಕ್ರಮದಲ್ಲಿ ಕಾರುಗಳ ಕಡೆಗೆ ಹೊರಳಿದವು. ಫ್ರೆಂಚ್ ಸಂಘ 1909ರಲ್ಲಿ ಮುಂದಿಟ್ಟ ಆಲ್ಪ್ಸ್ ಮಹಾಮಾರ್ಗದ ಯೋಜನೆ 1937ರಲ್ಲಿ ಇಸೆರಾನ್ ಘಾಟಿ ತೆರೆದಾಗ ಪೂರ್ಣಗೊಂಡಿತು.

ಪ್ರವಾಸಿಗರಿಂದ ಸೈಕಲ್ಲಿಗೆ ಸಂದ ದೊಡ್ಡ ಕೊಡುಗೆ ಗೇರು. ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರಾನ್ಸಿನ ಪಾಲ್ ಡಿ ವಿವಿ (1853-1930) ಬೆಟ್ಟ ಹತ್ತುವ ಸಾಮಾನ್ಯ ಸವಾರನಿಗೆ ಹಲವು ಗೇರುಗಳು ಬೇಕೇಬೇಕು ಎಂದು ಜೀವನವಿಡೀ ವಾದಿಸಿದರು. 1911ರಲ್ಲಿ ಗಾಲಿಬಿಯೆ ಘಾಟಿಯನ್ನು ಮೊದಲ ಬಾರಿಗೆ ದಾಟಿದ ಟೂರ್ ಡಿ ಫ್ರಾನ್ಸ್ ಸ್ಪರ್ಧೆ, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಸಾಧನಕ್ಕೆ 1937ರವರೆಗೂ ಅವಕಾಶ ಕೊಡಲಿಲ್ಲ. ಪ್ರವಾಸಿಗರು ಅಷ್ಟು ಹೊತ್ತಿಗೆ ಅದನ್ನು ಬಳಸಿ ಬಳಸಿ ಪಳಗಿಸಿದ್ದರು.

ಎರಡನೆಯ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿ ಸೈಕಲ್ ಪ್ರವಾಸ ಹಿಂದೆ ಸರಿಯಿತು. ಅದನ್ನು ಮತ್ತೆ ಮುನ್ನೆಲೆಗೆ ತಂದ ಘಟನೆಗಳಲ್ಲಿ 1998 ಮುಖ್ಯವಾದ ವರ್ಷ. ಆಗ ಸ್ವಿಟ್ಜರ್ಲೆಂಡ್ ಒಂಬತ್ತು ರಾಷ್ಟ್ರೀಯ ಸೈಕಲ್ ಮಾರ್ಗಗಳನ್ನು ಒಂದೇ ಬಗೆಯ ಕೆಂಪು ಕೈಮರಗಳೊಂದಿಗೆ ತೆರೆಯಿತು. ರಾಷ್ಟ್ರೀಯ ಮಾರ್ಗಕ್ಕೆ ಒಂದಂಕಿ, ಪ್ರಾದೇಶಿಕ ಮಾರ್ಗಕ್ಕೆ ಎರಡಂಕಿ, ಸ್ಥಳೀಯ ಮಾರ್ಗಕ್ಕೆ ಮೂರಂಕಿಯ ಸಂಖ್ಯೆ ಎಂಬ ಸರಳ ಪದ್ಧತಿಯಿಂದ ನಕ್ಷೆಯಿಲ್ಲದವನೂ ದಾರಿ ತಪ್ಪದೆ ಹೋಗುವಂತಾಯಿತು. ಯುರೋಪಿನಾದ್ಯಂತ ಹಬ್ಬಿರುವ ಯೂರೋವೆಲೊ ಜಾಲದ 5, 7, 15 ಮತ್ತು 17ನೇ ಮಾರ್ಗಗಳು ಆಲ್ಪ್ಸ್ ಪ್ರದೇಶವನ್ನು ಹಾಯುತ್ತವೆ.

ಪ್ರಶಾಂತತೆಯ ಮೂಲಗಳು

ಹಳೆಯ ರೈಲು ಹಾದಿಗಳು: ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಅದರ ಹಾದಿಯನ್ನು ಸುತ್ತುಬಳಸಿ, ಸೇತುವೆ ಕಟ್ಟಿ, ಬೆಟ್ಟ ಕೊರೆದು ಹದವಾದ ಏರಿಕೆಯಲ್ಲಿ ಒಯ್ದಿರುತ್ತಾರೆ. ರೈಲು ಹೊಸ ಹಾದಿಗೆ ಸರಿದಾಗ ಅಥವಾ ನಿಂತುಹೋದಾಗ ಆ ಹಾದಿ ಸೈಕಲ್ಲಿಗೆ ಹೇಳಿ ಮಾಡಿಸಿದಂತಿರುತ್ತದೆ.

ಸುರಂಗಗಳು: ಘಾಟಿಯ ಕೆಳಗೆ ಸುರಂಗ ಬಂದರೆ ಅವಸರದ ವಾಹನಗಳೆಲ್ಲ ಒಳಗೆ ನುಗ್ಗುತ್ತವೆ, ಮೇಲಿನ ಹಳೆಯ ರಸ್ತೆ ಬಿಡುವಾಗುತ್ತದೆ. ಗ್ರೇಟ್ ಸೇಂಟ್ ಬರ್ನಾರ್ಡ್‌ನಲ್ಲಿ 1964ರಲ್ಲಿ, ಸ್ಯಾನ್ ಬರ್ನಾರ್ಡಿನೊದಲ್ಲಿ 1967ರಲ್ಲಿ, ಆಸ್ಟ್ರಿಯದ ಆರ್ಲ್‌ಬರ್ಗ್‌ನಲ್ಲಿ 1978ರಲ್ಲಿ, ಗಾಟ್‌ಹಾರ್ಡ್‌ನಲ್ಲಿ 1980ರಲ್ಲಿ ರಸ್ತೆ ಸುರಂಗಗಳು ತೆರೆದವು. ವಾಹನಗಳ ಅನುಕೂಲಕ್ಕಾಗಿ ಮಾಡಿದ ಈ ಕಾಮಗಾರಿಗಳಿಂದ ಸೈಕಲ್ ಸವಾರರಿಗೆ ದೊರೆತ ಲಾಭ ದೊಡ್ಡದು.

ಸಂಚಾರ ನಿರ್ಬಂಧ: ಸ್ವಿಟ್ಜರ್ಲೆಂಡಿನ ಮೈರಿಂಗೆನ್ ಮತ್ತು ಗ್ರಿಂಡೆಲ್‌ವಾಲ್ಡ್ ಊರುಗಳ ನಡುವಿನ ಗ್ರೋಸೆ ಶೈಡೆಕ್ (1,962 ಮೀ.) ಘಾಟಿಯ ರಸ್ತೆಯಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ವೆಟರ್‌ಹಾರ್ನ್ ಶಿಖರದ ಬುಡದಲ್ಲಿ ಸಾಗುವ ಆ ಕಿರಿದಾದ ರಸ್ತೆಯಲ್ಲಿ ಹಳದಿ ಬಣ್ಣದ ಅಂಚೆ ಬಸ್ಸುಗಳು ಮಾತ್ರ ಓಡುತ್ತವೆ. ಅವುಗಳ ಮೂರು ಸ್ವರದ ಹಾರನ್ ರೊಸ್ಸಿನಿಯ ವಿಲಿಯಂ ಟೆಲ್ ಸಂಗೀತದಿಂದ ಬಂದದ್ದು; ಅದು ತಿರುವಿನಾಚೆಯಿಂದಲೇ ಕೇಳಿಸುವುದರಿಂದ ಸವಾರನಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಪ್ರಾಗೆಲ್ ಘಾಟಿಯ ಗ್ಲಾರುಸ್ ಬದಿಯನ್ನು ಶನಿವಾರ, ಭಾನುವಾರ ಮೋಟಾರು ವಾಹನಗಳಿಗೆ ಮುಚ್ಚುತ್ತಾರೆ. ಇಟಲಿಯ ಸ್ಟೆಲ್ವಿಯೊ ಘಾಟಿಯನ್ನೂ ಡೊಲೊಮೈಟ್ಸ್‌ನ ಸೆಲ್ಲಾ ಪರ್ವತವನ್ನು ಸುತ್ತುವರಿದ ನಾಲ್ಕು ಘಾಟಿಗಳನ್ನೂ ಗೊತ್ತುಪಡಿಸಿದ ದಿನಗಳಂದು ಸೈಕಲ್ಲುಗಳಿಗೆ ಮೀಸಲಿಡುತ್ತಾರೆ. ಫ್ರಾನ್ಸಿನಲ್ಲಿಯೂ ಬೇಸಿಗೆಯಲ್ಲಿ ಹಲವು ಘಾಟಿಗಳಿಗೆ ಇಂಥ ಮೀಸಲು ಹೊತ್ತುಗಳಿವೆ.

ಸೈನಿಕ ರಸ್ತೆಗಳು: ಫ್ರಾನ್ಸ್-ಇಟಲಿ ಗಡಿಯಲ್ಲಿ ಕೋಟೆಗಳಿಗೆ ತೋಪು ಸಾಗಿಸಲು ಮಾಡಿದ ಜಲ್ಲಿ ರಸ್ತೆಗಳು ಇಂದಿಗೂ ಬಳಕೆಯಲ್ಲಿವೆ. ಟ್ಯೂರಿನ್‌ನ ಪಶ್ಚಿಮಕ್ಕಿರುವ ಅಸ್ಸಿಯೆಟ್ಟಾ ರಸ್ತೆ ಬಹುದೂರ 2,000 ಮೀ.ಗಿಂತ ಮೇಲೆ ಬೆಟ್ಟದ ನೆತ್ತಿಯ ಮೇಲೆಯೇ ಸಾಗುತ್ತದೆ. ಜುಲೈ-ಆಗಸ್ಟ್ ತಿಂಗಳುಗಳ ಬುಧವಾರ ಮತ್ತು ಶನಿವಾರಗಳಂದು ಹಗಲು ಹೊತ್ತಿನಲ್ಲಿ ಅಲ್ಲಿ ಮೋಟಾರು ವಾಹನಗಳನ್ನು ಬಿಡುವುದಿಲ್ಲ. ಅದಕ್ಕೆ ಸಮೀಪದ ಫಿನೆಸ್ತ್ರೆ ಘಾಟಿಯ (2,178 ಮೀ.) ಉತ್ತರ ಬದಿಯಲ್ಲಿ ಕೊನೆಯ ಸುಮಾರು 8 ಕಿ.ಮೀ. ಮಣ್ಣು-ಜಲ್ಲಿಯ ಹಾದಿಯಾಗಿಯೇ ಉಳಿದಿದೆ.

ಪೂರ್ವ ಆಲ್ಪ್ಸ್‌ನ ಮಾರ್ಗಗಳು

ಆಲ್ಪೆ ಆಡ್ರಿಯ ಮಾರ್ಗ: ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಿಂದ ಆಡ್ರಿಯಾಟಿಕ್ ಸಮುದ್ರತೀರದ ಗ್ರಾಡೊವರೆಗೆ ಸುಮಾರು 410 ಕಿ.ಮೀ. ಮೊದಲು ಸಾಲ್ಜಾಕ್ ಮತ್ತು ಗಾಸ್ಟೈನ್ ಕಣಿವೆಗಳಲ್ಲಿ ಏರುವ ದಾರಿ ಬೋಕ್‌ಸ್ಟೈನ್‌ನಲ್ಲಿ ಟಾವರ್ನ್ ಪರ್ವತಗಳ ಬುಡ ಮುಟ್ಟುತ್ತದೆ. ಅಲ್ಲಿ ಸೈಕಲ್ಲನ್ನು ರೈಲಿಗೇರಿಸಿ, 1909ರಲ್ಲಿ ತೆರೆದ ಸುರಂಗದ ಮೂಲಕ ಮಾಲ್‌ನಿಟ್ಸ್ ತಲುಪಬೇಕು. ಮುಂದೆ ಸ್ಪಿಟ್ಟಾಲ್, ಫಿಲಾಕ್ ಊರುಗಳನ್ನು ಹಾದು ಟಾರ್ವಿಸಿಯೊ ಬಳಿ ಇಟಲಿ ಪ್ರವೇಶಿಸಿದ ಮೇಲೆ ಈ ಮಾರ್ಗದ ಸೊಗಸು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. 1879ರಲ್ಲಿ ಪೂರ್ಣಗೊಂಡ ಪೊಂಟೆಬ್ಬಾ ರೈಲು ಹಾದಿ 2000ದ ಹೊತ್ತಿಗೆ ಹೊಸ ಸುರಂಗಗಳಿಗೆ ಸರಿಯಿತು. ಬಿಟ್ಟುಹೋದ ಸೇತುವೆಗಳ ಮೇಲೆ, ದೀಪ ಹಾಕಿದ ಹಳೆಯ ಸುರಂಗಗಳಲ್ಲಿ ಈಗ ಸೈಕಲ್ ಪಥವಿದೆ. ಕೆಳಗೆ ಫೆಲ್ಲಾ ನದಿಯ ಬಿಳಿ ಕಲ್ಲಿನ ಪಾತ್ರ ಕಾಣುತ್ತದೆ. ಕಿಯುಸಾಫೋರ್ಟೆಯ ಹಳೆಯ ನಿಲ್ದಾಣದಲ್ಲಿ ಇಂದು ಸವಾರರಿಗೆ ಕಾಫಿ, ತಿಂಡಿ ದೊರೆಯುತ್ತದೆ. 1976ರ ಭೂಕಂಪದಲ್ಲಿ ಕುಸಿದ ವೆನ್ಜೋನೆ ಊರನ್ನು ಜನ ಬಿದ್ದ ಕಲ್ಲುಗಳನ್ನೇ ಹೆಕ್ಕಿ ಮತ್ತೆ ಕಟ್ಟಿಕೊಂಡಿದ್ದಾರೆ. ನಕ್ಷತ್ರಾಕಾರದ ಕೋಟೆಯೂರಾದ ಪಾಲ್ಮನೋವಾ, ರೋಮನ್ ಕಾಲದ ಅಕ್ವಿಲೇಯಾ ಮಾರ್ಗದ ಕೊನೆಯಲ್ಲಿವೆ. ಫಿಲಾಕ್-ಉದಿನೆ ನಡುವೆ ಸೈಕಲ್ ಒಯ್ಯುವ ರೈಲಿರುವುದರಿಂದ ಇಷ್ಟವಾದ ಭಾಗವನ್ನಷ್ಟೇ ಆಯ್ದುಕೊಳ್ಳಬಹುದು.

ಡ್ರಾವಾ ಮಾರ್ಗ: ಇಟಲಿಯ ದಕ್ಷಿಣ ಟಿರೋಲ್‌ನ ಟೊಬ್ಲಾಕ್ ಬಯಲು ಹೊರನೋಟಕ್ಕೆ ಚಪ್ಪಟೆಯಾದ ಹುಲ್ಲುಗಾವಲು. ಅದರ ಒಂದು ಬದಿಯ ನೀರು ಆಡ್ರಿಯಾಟಿಕ್‌ಗೂ ಇನ್ನೊಂದು ಬದಿಯ ನೀರು ಡ್ರಾವಾ ಮತ್ತು ಡ್ಯಾನ್ಯೂಬ್ ಮೂಲಕ ಕಪ್ಪು ಸಮುದ್ರಕ್ಕೂ ಹರಿಯುತ್ತದೆ. ಅಲ್ಲಿಂದ ಆಸ್ಟ್ರಿಯದ ಲೀಂಟ್ಸ್ ಪಟ್ಟಣದವರೆಗಿನ ಸುಮಾರು 45 ಕಿ.ಮೀ. ದಾರಿ ಬಹುತೇಕ ಇಳಿಜಾರೇ. ಒಟ್ಟು 500 ಮೀ.ಗೂ ಹೆಚ್ಚು ಇಳಿಯುತ್ತದೆ. ಬೆಳಿಗ್ಗೆ ಇಳಿದು ಸಂಜೆ ರೈಲಿನಲ್ಲಿ ಹಿಂದಿರುಗುವ ಕುಟುಂಬಗಳಿಂದ ಈ ಭಾಗ ಬೇಸಿಗೆಯಲ್ಲಿ ತುಂಬಿರುತ್ತದೆ. ಲೀಂಟ್ಸ್ ದಾಟಿದ ಮೇಲೆ ಜನ ವಿರಳವಾಗುತ್ತಾರೆ. ಮಾರ್ಗ ಮುಂದುವರಿದು ಸ್ಲೊವೇನಿಯದ ಮಾರಿಬೊರ್ ಮೂಲಕ ಕ್ರೊಯೇಷಿಯಕ್ಕೆ ಹೋಗುತ್ತದೆ.

ಡೊಲೊಮೈಟ್ಸ್ ರೈಲು ಹಾದಿ: ಟೊಬ್ಲಾಕ್‌ನಿಂದಲೇ ದಕ್ಷಿಣಕ್ಕೆ ಕೊರ್ತಿನಾ ಮೂಲಕ ಕಲಾಲ್ಜೊವರೆಗೆ ಮೊದಲ ಮಹಾಯುದ್ಧ ಕಾಲದ ಸೈನಿಕ ರೈಲಿನಿಂದ ಬೆಳೆದ ಕಿರು ಹಳಿಯ ಹಾದಿಯೊಂದಿತ್ತು. 1964ರಲ್ಲಿ ರೈಲು ಪೂರ್ತಿಯಾಗಿ ನಿಂತಿತು. ಈಗ ಅದೇ ಹಾದಿ ಚಿಮಾಬಾಂಕೆ ಘಾಟಿಯ (ಸುಮಾರು 1,530 ಮೀ.) ಮೂಲಕ ಸಾಗುವ ಸೈಕಲ್ ಪಥ. ಲಾಂಡ್ರೊ ಕೆರೆಯ ಬಳಿ ತ್ರೆ ಚಿಮೆಯ ಮೂರು ಕಲ್ಲುಗೋಪುರಗಳು ಕಾಣಿಸುತ್ತವೆ. ಉತ್ತರ ಭಾಗದಲ್ಲಿ ಜಲ್ಲಿಯಿದೆ. ಕೊರ್ತಿನಾದಿಂದ ಕೆಳಗೆ ಡಾಂಬರು. ಮ್ಯೂನಿಕ್‌ನಿಂದ ವೆನಿಸ್‌ಗೆ ಹೋಗುವ ಸುಮಾರು 560 ಕಿ.ಮೀ.ಗಳ ಮಾರ್ಗವೂ ಈ ಹಾದಿಯನ್ನೇ ಬಳಸುತ್ತದೆ.

ವಿಯಾ ಕ್ಲಾಡಿಯ ಆಗಸ್ಟಾ ಮತ್ತು ಆದಿಜೆ ಮಾರ್ಗ: ಚಕ್ರವರ್ತಿ ಕ್ಲಾಡಿಯಸ್‌ನ ಕಾಲದಲ್ಲಿ, ಕ್ರಿ.ಶ. 46-47ರಲ್ಲಿ ಪೂರ್ಣಗೊಂಡ ರೋಮನ್ ರಸ್ತೆಯ ಜಾಡು ಇದು. ಡ್ಯಾನ್ಯೂಬ್ ದಂಡೆಯ ಡೊನಾವ್ಯೋರ್ಟ್‌ನಿಂದ ಹೊರಟು ಆಗ್ಸ್‌ಬರ್ಗ್, ಫ್ಯೂಸೆನ್, ಫೆರ್ನ್ ಘಾಟಿ, ಲಾಂಡೆಕ್ ಮೂಲಕ ರೆಶೆನ್ ಘಾಟಿಗೆ (ಸುಮಾರು 1,500 ಮೀ.) ಏರುತ್ತದೆ, ಟ್ರೆಂಟೊದ ಬಳಿ ಕವಲೊಡೆದು ಒಂದು ವೆನಿಸ್‌ನ ಕಡೆಗೂ ಇನ್ನೊಂದು ಪೊ ನದಿಯ ಕಡೆಗೂ ಹೋಗುತ್ತದೆ. ರೆಶೆನ್‌ನಲ್ಲಿ 1950ರಲ್ಲಿ ತುಂಬಿದ ಜಲಾಶಯದಲ್ಲಿ ಗ್ರಾವುನ್ ಊರು ಮುಳುಗಿತು; 14ನೇ ಶತಮಾನದ ಚರ್ಚಿನ ಗೋಪುರ ಮಾತ್ರ ನೀರಿನಿಂದ ಮೇಲೆ ನಿಂತಿದೆ. ಅಲ್ಲಿಂದ ಮೆರಾನೊವರೆಗೆ ಸುಮಾರು 80 ಕಿ.ಮೀ. ಇಳಿಯುವ, ಆದಿಜೆ ನದಿಯ ಫಿನ್ಷ್‌ಗಾವ್ ಕಣಿವೆ ಇಡೀ ಮಾರ್ಗದ ತಿರುಳು. ಮಳೆ ಕಡಿಮೆಯಿರುವ ಈ ಕಣಿವೆಯ ರೈತರು ಶತಮಾನಗಳ ಹಿಂದೆಯೇ ಹಿಮದ ನೀರನ್ನು ಕಾಲುವೆ ತೋಡಿ ತಂದರು. ಸೈಕಲ್ ಪಥ ಅವರ ಸೇಬಿನ ತೋಟಗಳ ನಡುವೆ, ಸುತ್ತುಗೋಡೆಯ ಪುಟ್ಟ ಪಟ್ಟಣ ಗ್ಲುರ್ನ್ಸ್ ಮೂಲಕ ಹಾಯುತ್ತದೆ. 2005ರಲ್ಲಿ ಮತ್ತೆ ಆರಂಭವಾದ ಕಣಿವೆಯ ರೈಲು ಸೈಕಲ್ ಸವಾರರನ್ನು ಮಾಲ್ಸ್‌ವರೆಗೆ ಮೇಲೇರಿಸುತ್ತದೆ.

ಸ್ಲೊವೇನಿಯ: ಟಾರ್ವಿಸಿಯೊದಿಂದ ಕ್ರಾನ್ಸ್ಕಾ ಗೋರಾ ಕಡೆಗೆ 1960ರ ದಶಕದಲ್ಲಿ ನಿಂತುಹೋದ ರೈಲಿನ ಹಾದಿ ಇಂದು ಸೈಕಲ್ ಪಥ. ಅಲ್ಲಿಂದ ವೃಶಿಚ್ ಘಾಟಿ (1,611 ಮೀ.) ದಾಟಿದರೆ ಸೋಚಾ ನದಿಯ ಹಸಿರು-ನೀಲಿ ನೀರಿನ ಕಣಿವೆ ಸಿಗುತ್ತದೆ. ಘಾಟಿಯ 50 ಹೇರ್‌ಪಿನ್ ತಿರುವುಗಳಿಗೆ ಸಂಖ್ಯೆ ಬರೆದಿದೆ. ಉತ್ತರದ ತಿರುವುಗಳಲ್ಲಿ ಇನ್ನೂ ಕಲ್ಲುಹಾಸಿದೆ. ಈ ರಸ್ತೆಯನ್ನು ಮೊದಲ ಮಹಾಯುದ್ಧದಲ್ಲಿ ರಷ್ಯನ್ ಯುದ್ಧಕೈದಿಗಳಿಂದ ಮಾಡಿಸಲಾಯಿತು. 1916ರ ಮಾರ್ಚ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರ ನೆನಪಿಗೆ ಅವರ ಸಂಗಡಿಗರು ಕಟ್ಟಿದ ಮರದ ಪ್ರಾರ್ಥನಾ ಮಂದಿರ ದಾರಿಯ ಬದಿಯಲ್ಲಿದೆ. ಅಲ್ಲಿ ಇಳಿದು ನಿಲ್ಲದೆ ಮುಂದೆ ಹೋಗಬಾರದು.

ಮಧ್ಯ ಆಲ್ಪ್ಸ್‌ನ ಮಾರ್ಗಗಳು

ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಪಟ್ಟಣ ಮಾರ್ಗಗಳ ಕೂಡುದಾಣ. ಇಲ್ಲಿಂದ ಪಶ್ಚಿಮಕ್ಕೆ ಫುರ್ಕಾ ಘಾಟಿ (2,429 ಮೀ.) ಹತ್ತಿದರೆ 1ನೇ ಸಂಖ್ಯೆಯ ರೋನ್ ಮಾರ್ಗ, ಅದು ಬ್ರಿಗ್, ಸಿಯೋನ್, ಮಾರ್ಟಿನಿ ಮೂಲಕ ಜಿನೀವಾ ಸೇರುತ್ತದೆ. ಪೂರ್ವಕ್ಕೆ ಓಬರಾಲ್ಪ್ ಘಾಟಿ (2,044 ಮೀ.) ಹತ್ತಿದರೆ 2ನೇ ಸಂಖ್ಯೆಯ ರೈನ್ ಮಾರ್ಗ, ಅದು ಬಾಸೆಲ್‌ವರೆಗೆ ಸುಮಾರು 430 ಕಿ.ಮೀ. ಓಡುತ್ತದೆ. ರೈನ್ ಮಾರ್ಗದಲ್ಲಿ ಇಲಾಂಟ್ಸ್ ಮತ್ತು ರೈಖೆನಾವ್ ನಡುವಿನ ವೆರ್ಸಾಮ್ ರಸ್ತೆ ಮರೆಯಲಾಗದ ತಾಣ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಫ್ಲಿಮ್ಸ್‌ನಲ್ಲಿ ಕುಸಿದ ಬೆಟ್ಟ ನದಿಗೆ ಅಡ್ಡಬಿತ್ತು. ನದಿ ಆ ಬಿಳಿ ಸುಣ್ಣಕಲ್ಲನ್ನು ಕೊರೆದು ಮಾಡಿಕೊಂಡ ಆಳವಾದ ಕೊರಕಲನ್ನು ರಸ್ತೆಯಿಂದ ನೇರವಾಗಿ ಕೆಳಗೆ ನೋಡಬಹುದು. ಮುಂದೆ ಸಿಗುವ ಮೈನ್‌ಫೆಲ್ಡ್, ಯೊಹಾನಾ ಸ್ಪೀರಿಯ ‘ಹೈಡಿ’ ಕಥೆಯ ನೆಲ.

3ನೇ ಸಂಖ್ಯೆಯ ಉತ್ತರ-ದಕ್ಷಿಣ ಮಾರ್ಗ ಗಾಟ್‌ಹಾರ್ಡ್ ಘಾಟಿಯನ್ನು (ಸುಮಾರು 2,100 ಮೀ.) ದಾಟುತ್ತದೆ. ದಕ್ಷಿಣಕ್ಕೆ ಐರೋಲೊ ಕಡೆಗಿಳಿಯುವ 19ನೇ ಶತಮಾನದ ಟ್ರೆಮೋಲಾ ರಸ್ತೆಯ 24 ತಿರುವುಗಳಲ್ಲಿ ಕಲ್ಲುಹಾಸು ಇಂದಿಗೂ ಗಟ್ಟಿಯಾಗಿದೆ. ಸುರಂಗ ಹಾಗೂ ಹೊಸ ರಸ್ತೆ ಎರಡೂ ವಾಹನಗಳನ್ನು ಸೆಳೆದುಕೊಂಡಿರುವುದರಿಂದ ಇಲ್ಲಿ ಹಸುಗಳ ಗಂಟೆಯ ಸದ್ದು ಕೇಳಿಸುತ್ತದೆ.

ಇನ್ ಮಾರ್ಗ ಮಲೋಯಾದಿಂದ (1,815 ಮೀ.) ಜರ್ಮನಿಯ ಪಾಸಾವ್‌ವರೆಗೆ ಸುಮಾರು 520 ಕಿ.ಮೀ. ಇದೆ. ಮೊದಲ ಭಾಗವಾದ ಎಂಗಾದೀನ್ ಕಣಿವೆಯಲ್ಲಿ ರೊಮಾನ್ಶ್ ಭಾಷೆ ಮಾತಾಡುವ ಹಳ್ಳಿಗಳಿವೆ. ಗಾರೆಯನ್ನು ಕೆರೆದು ಚಿತ್ತಾರ ಮೂಡಿಸಿದ ದಪ್ಪ ಗೋಡೆಯ ಮನೆಗಳು, ಬೀದಿ ಕೂಡುವಲ್ಲಿ ಸದಾ ಹರಿಯುವ ಕುಡಿಯುವ ನೀರಿನ ತೊಟ್ಟಿಗಳು ಇಲ್ಲಿನ ವಿಶೇಷ. ಎಂಗಾದೀನ್‌ಗೆ ಉತ್ತರದಿಂದ ಬರಲು ಅಲ್ಬುಲಾ ಘಾಟಿಯೇ (ಸುಮಾರು 2,310 ಮೀ.) ಶಾಂತವಾದದ್ದು, ಬಳಿಯ ಯೂಲಿಯರ್ ಘಾಟಿಯಲ್ಲಿ ವಾಹನ ಹೆಚ್ಚು.

ಪಶ್ಚಿಮ ಆಲ್ಪ್ಸ್‌ನ ಮಾರ್ಗಗಳು

ಫ್ರಾನ್ಸಿನ ಆಲ್ಪ್ಸ್ ಮಹಾಮಾರ್ಗ ಜಿನೀವಾ ಸರೋವರದ ದಂಡೆಯ ಥೋನೋನ್‌ನಿಂದ ಮೆಡಿಟರೇನಿಯನ್ ತೀರದ ನೀಸ್‌ವರೆಗೆ ಸುಮಾರು 720 ಕಿ.ಮೀ. ಉದ್ದವಿದೆ. ಇಸೆರಾನ್ (2,764 ಮೀ.), ಗಾಲಿಬಿಯೆ (2,642 ಮೀ.), ಇಜೋವಾರ್ (2,360 ಮೀ.) ಇದರ ಹೆಸರಾಂತ ಘಾಟಿಗಳು, ಇಸೆರಾನ್ ಆಲ್ಪ್ಸ್‌ನ ಅತಿ ಎತ್ತರದ ಡಾಂಬರು ಘಾಟಿ. ಏರುರಸ್ತೆಗಳ ಬದಿಯಲ್ಲಿ ಪ್ರತಿ ಕಿಲೋಮೀಟರಿಗೆ ಮುಂದಿನ ಏರಿಕೆಯ ಪ್ರಮಾಣವನ್ನೂ ನೆತ್ತಿಗಿರುವ ದೂರವನ್ನೂ ಬರೆದ ಕಲ್ಲುಗಳಿವೆ. ಬೇಸಿಗೆಯ ನಡುಹಗಲಿನಲ್ಲಿ ಈ ಮಾರ್ಗ ನಿಶ್ಶಬ್ದವಲ್ಲ. ಆದರೆ ಬೆಳಗಿನ ಜಾವ ಹೊರಟವರಿಗೆ, ಜೂನ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಇದೇ ರಸ್ತೆ ಬೇರೆ ಮುಖ ತೋರಿಸುತ್ತದೆ. ದಕ್ಷಿಣದ ಕಯೋಲ್ ಘಾಟಿಯಲ್ಲಿ (2,326 ಮೀ.) ಕಿರಿದಾದ ರಸ್ತೆಯಿಂದಾಗಿ ದೊಡ್ಡ ವಾಹನಗಳು ಸುಳಿಯುವುದು ಕಡಿಮೆ.

ಏರು ಬೇಡವೆನ್ನುವವರಿಗೆ ಆನ್ಸಿ ಸರೋವರದ ದಂಡೆಯಲ್ಲಿ ಹಳೆಯ ರೈಲು ಹಾದಿಯ ಮೇಲೆ ಆಲ್ಬರ್ಟ್‌ವಿಲ್ ಕಡೆಗೆ ಸಾಗುವ ಹಸಿರು ಪಥವಿದೆ. ಜಿನೀವಾದಿಂದ ರೋನ್ ನದಿಯೊಂದಿಗೆ ಸಮುದ್ರದವರೆಗೆ ಇಳಿಯುವ ವಿಯಾರೋನಾ ಮಾರ್ಗದ ಉದ್ದ ಸುಮಾರು 815 ಕಿ.ಮೀ. ವೆರ್ಕೋರ್ ಪ್ರಸ್ಥಭೂಮಿಯಲ್ಲಿ ಕಾಡಿನ ಮರ ಸಾಗಿಸಲು 19ನೇ ಶತಮಾನದಲ್ಲಿ ಬಂಡೆ ಕೊರೆದು ಮಾಡಿದ ಕೊಂಬ್ ಲಾವಾಲ್ ರಸ್ತೆ, ಘಾಟಿಗಳ ಹೆಸರಿನ ಮೋಹವಿಲ್ಲದವರಿಗೆ ಸಿಗುವ ದೊಡ್ಡ ಬಹುಮಾನ.

ಗಾಳಿ, ಹವೆ ಮತ್ತು ಕಾಲ

ಕಣಿವೆಯ ಮಾರ್ಗಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಎತ್ತರದ ಘಾಟಿಗಳು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಸಂಚಾರಯೋಗ್ಯ. 1,000 ಮೀ. ಏರಿದರೆ ಉಷ್ಣತೆ 6-6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಪ್ಪಲಲ್ಲಿ ಬೆವರು ಸುರಿಸಿದವರು ನೆತ್ತಿಯಲ್ಲಿ ನಡುಗುವುದು ಇದರಿಂದಲೇ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಹೆಚ್ಚು. ಹಗಲಿನಲ್ಲಿ ಬೆಟ್ಟದ ಇಳಿಜಾರು ಕಾದು ಗಾಳಿ ಮೇಲೇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬಲವಾದ ಗಾಳಿ ಬೀಸತೊಡಗುತ್ತದೆ. ರೋನ್ ಕಣಿವೆಯ ಮಾರ್ಟಿನಿಯ ಸುತ್ತ ಇದು ಎಷ್ಟು ಜೋರೆಂದರೆ ಇಳಿಜಾರಿನಲ್ಲಿಯೂ ಕಷ್ಟಪಟ್ಟು ತುಳಿಯಬೇಕಾಗುತ್ತದೆ. ಮೇಲಿನ ಎಂಗಾದೀನ್‌ನಲ್ಲಿ ಈ ನಿಯಮ ತಿರುವುಮುರುವು: ಮಲೋಯಾ ಗಾಳಿ ಹಗಲಿನಲ್ಲಿ ಕಣಿವೆಯ ಕೆಳಮುಖವಾಗಿ ಬೀಸಿ ಇನ್ ನದಿಯೊಂದಿಗೆ ಹೊರಟವರ ಬೆನ್ನು ತಳ್ಳುತ್ತದೆ. ದಿನದ ದೊಡ್ಡ ದೂರವನ್ನು ಮಧ್ಯಾಹ್ನಕ್ಕೆ ಮುಂಚೆ ಮುಗಿಸುವುದು ಗಾಳಿ, ಮಳೆ, ವಾಹನ ಮೂರಕ್ಕೂ ಒಳ್ಳೆಯ ಪರಿಹಾರ.

ಸೈಕಲ್ ಮತ್ತು ಸಾರಿಗೆ

ಜಲ್ಲಿಯೂ ಕಲ್ಲುಹಾಸೂ ಎದುರಾಗುವುದರಿಂದ ಅಗಲವಾದ ಟಯರ್, ತೀರ ಹಗುರವಾದ ಕೆಳಗಿನ ಗೇರು, ನಂಬಿಕೆಯ ಬ್ರೇಕು ಅಗತ್ಯ. ಸಾಮಾನು ಹೇರಿದ ಸೈಕಲ್ಲನ್ನು 20 ಕಿ.ಮೀ. ಇಳಿಸುವಾಗ ಬ್ರೇಕನ್ನು ಒಂದೇ ಸಮ ಹಿಡಿದರೆ ಚಕ್ರದ ಅಂಚು ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ನೇರದಲ್ಲಿ ಬಿಡುವುದು ಕ್ರಮ. ದೀಪ, ಕೈಗವಸು, ಗಾಳಿ ತಡೆಯುವ ಅಂಗಿ ಬೇಸಿಗೆಯಲ್ಲಿಯೂ ಬೇಕು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೆ ಜಾಗವಿದೆ. ದೂರದ ರೈಲುಗಳಲ್ಲಿ ಅನೇಕ ಕಡೆ ಮುಂಗಡ ಕಾಯ್ದಿರಿಸಬೇಕು. ಕಡಿದಾದ ಏರನ್ನು ರೈಲಿನಲ್ಲೋ ಬಸ್ಸಿನಲ್ಲೋ ದಾಟುವುದು ಇಲ್ಲಿ ಪ್ರವಾಸದ ಸಹಜ ಭಾಗ. ವಿದ್ಯುತ್ ಸೈಕಲ್ ಬಂದ ಮೇಲೆ ವಯಸ್ಸಾದವರಿಗೂ ಘಾಟಿಗಳು ನಿಲುಕುವಂತಾಗಿವೆ.

ಕಾನೂನು, ನೀತಿ ಮತ್ತು ಸವಾಲುಗಳು

1991ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಸಹಿಯಾದ ಆಲ್ಪ್ಸ್ ಒಪ್ಪಂದ ಇಡೀ ಶ್ರೇಣಿಯ ಸಂರಕ್ಷಣೆಯನ್ನು ಗುರಿಯಾಗಿಟ್ಟುಕೊಂಡಿದೆ. 1994ರಲ್ಲಿ ಸ್ವಿಸ್ ಮತದಾರರು ಆಲ್ಪ್ಸ್ ದಾಟುವ ಸರಕನ್ನು ರಸ್ತೆಯಿಂದ ರೈಲಿಗೆ ವರ್ಗಾಯಿಸಬೇಕೆಂದು ತೀರ್ಪಿತ್ತರು. 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಗಾಟ್‌ಹಾರ್ಡ್ ತಳಸುರಂಗ ಆ ನೀತಿಗೆ ಒದಗಿದ ದೊಡ್ಡ ಆಸರೆ. 2018ರ ಜನಮತದಲ್ಲಿ ಸೈಕಲ್ ಮಾರ್ಗಗಳ ಹೊಣೆ ಸ್ವಿಸ್ ಸಂವಿಧಾನದಲ್ಲಿ ಸೇರಿತು. ಅದಕ್ಕೆ ಸಂಬಂಧಿಸಿದ ಕಾನೂನು 2023ರಲ್ಲಿ ಜಾರಿಗೆ ಬಂತು. ಆಸ್ಟ್ರಿಯದ ಟಿರೋಲ್ ಪ್ರಾಂತ 2020ರಲ್ಲಿ ತನ್ನ ರೊಯ್ಟೆ ಜಿಲ್ಲೆಯ ಕೆಲವು ರಸ್ತೆಗಳಲ್ಲಿ 95 ಡೆಸಿಬೆಲ್ ಮೀರುವ ಮೋಟಾರ್ ಸೈಕಲ್‌ಗಳನ್ನು ಬೇಸಿಗೆ ಕಾಲದಲ್ಲಿ ನಿಷೇಧಿಸಿತು. ಅದೇ ಆಸ್ಟ್ರಿಯದಲ್ಲಿ ಕಾಡಿನ ರಸ್ತೆಗಳು, ವಿಶೇಷ ಅನುಮತಿಯಿರುವ ಕಡೆ ಬಿಟ್ಟರೆ, ಸೈಕಲ್ಲಿಗೆ ಮುಚ್ಚಿವೆ. ಸಾವಿರಾರು ಕಿಲೋಮೀಟರ್ ಶಾಂತವಾದ ಹಾದಿ ಹೀಗೆ ಕೈಗೆಟುಕದೆ ಉಳಿದಿರುವುದು ಖೇದಕರ.

ಸವಾಲುಗಳು ಹೆಚ್ಚುತ್ತಿವೆ. ರಜಾದಿನಗಳಲ್ಲಿ ಸುರಂಗದ ಬಾಯಲ್ಲಿ ವಾಹನಗಳ ಸಾಲು ಬೆಳೆದಾಗ ಕಾರುಗಳು ಹಳೆಯ ಘಾಟಿಗೆ ಮರಳುತ್ತವೆ. ಬೆಟ್ಟದ ಒಳಗಿನ ಹೆಪ್ಪು ಕರಗಿ ಕುಸಿತಗಳು ಸಂಭವಿಸುತ್ತಿವೆ. ಮಲೋಯಾದ ಕೆಳಗಿನ ಬೊಂಡೊ ಊರಿಗೆ 2017ರಲ್ಲಿ ಕಲ್ಲುಮಣ್ಣು ನುಗ್ಗಿತು. ರೋನ್ ಕಣಿವೆಗೆ ಸೇರುವ ಲೋಚೆನ್ ಕಣಿವೆಯ ಬ್ಲಾಟೆನ್ ಗ್ರಾಮದ ಬಹುಭಾಗ 2025ರ ಮೇ ತಿಂಗಳಲ್ಲಿ ಹಿಮನದಿಯ ಕುಸಿತದಲ್ಲಿ ಹೂತುಹೋಯಿತು.

ಈ ಮಾರ್ಗಗಳ ಅನುಭವದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರತ್ಯೇಕ ಪಥ, ಸೈಕಲ್ ಒಯ್ಯುವ ರೈಲು, ವಾಹನಗಳ ಮೇಲಿನ ನಿಯಂತ್ರಣ ಈ ಮೂರೂ ಒಟ್ಟಿಗೆ ಇರುವಲ್ಲಿ ಪರ್ವತದ ದಾರಿ ಎಲ್ಲರದೂ ಆಗುತ್ತದೆ. ಒಂದಿಲ್ಲದಿದ್ದರೂ ಅದು ಗಟ್ಟಿಮುಟ್ಟಾದ ಕೆಲವರ ಪಾಲಾಗುತ್ತದೆ. ದಕ್ಷಿಣ ಟಿರೋಲ್‌ನಂಥ ಪ್ರದೇಶಗಳು ಇವನ್ನು ಸಾಧಿಸಿ ತೋರಿಸಿರುವುದರಿಂದ, ಉಳಿದ ಕಣಿವೆಗಳಲ್ಲಿ ಇದು ಅಸಾಧ್ಯವೆನ್ನಲು ಕಾರಣವಿಲ್ಲ.